ಸೇಬಿನ ತೋಟದಿಂದ ಬೀಗರ ಊಟಕ್ಕೆ

ನನ್ನ ಜೀವಮಾನದಲ್ಲಿ ಸೇಬಿನ ಗಿಡವನ್ನು ಕಣ್ಣಾರೆ ಕಂಡವನಲ್ಲ. ನಮ್ಮದು ಸಿ.ಎಸ್. ಪುರದ ಕಡೆ, ತೆಂಗು, ರಾಗಿ, ಬದುವಿನ ಮೇಲೆ ನಾಲ್ಕು ಹುಣಸೆಮರ. ಸೇಬು ಅಂದರೆ ನಮ್ಮವರ ಪಾಲಿಗೆ ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಹಿಡಿದುಕೊಂಡು ಹೋಗುವ ಹಣ್ಣು. ಹಾಗಿದ್ದೂ ಹೋದ ಚಳಿಗಾಲದಲ್ಲಿ ನಾನು ತುಮಕೂರಿನ ಒಂದು ಕಟ್ಟಡದ ಮಹಡಿಯ ಮೇಲೆ, ಕಿರುಗುಟ್ಟುವ ಫ್ಯಾನಿನ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗಾಡಿಗಟ್ಟಲೆ ಸೇಬು ಕಿತ್ತಿದ್ದೇನೆ. ಒಂದನ್ನೂ ತಿಂದಿಲ್ಲ. ಕಿತ್ತದ್ದೆಲ್ಲ ಎಲ್ಲಿಗೆ ಹೋಯಿತಪ್ಪ ಎಂದು ಯಾರಾದರೂ ಕೇಳಿದರೆ, ಕರೆಂಟು ಹೋದಾಗ ತೋಟದ ಸಮೇತ ಹೋಯಿತು ಅಂತಲೇ ಹೇಳಬೇಕು.

ಮೊದಲು ನನ್ನ ವಿಚಾರ ಹೇಳಿಬಿಡುತ್ತೇನೆ. ನಾನು ತುಮಕೂರಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ವಿಭಾಗದ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನು. ಹುಡುಗರು ಮಾಡಿಟ್ಟ ತುಂಡುಗಳನ್ನು ಗೇಜಿಗೆ ಹಿಡಿದು ನೋಡುವುದು, ಹೊಂದದಿದ್ದರೆ ಬೈಯುವುದು, ಹೊಂದಿದರೂ ಬೇರೆ ಏನಾದರೂ ಹುಡುಕಿ ಬೈಯುವುದು ನನ್ನ ಕೆಲಸವಾಗಿತ್ತು. ಅಳತೆ ತಪ್ಪಿದೆ ಅಂದಾಗ ಹುಡುಗರು ತಪ್ಪನ್ನು ಮೆಷಿನ್ನಿನ ಮೇಲೆ ಹಾಕುತ್ತಿದ್ದರು. ಆಗ ನಾನು ಹೇಳುತ್ತಿದ್ದ ಮಾತು ಒಂದೇ: “ಮೆಷಿನ್ ಸುಳ್ಳು ಹೇಳಲ್ಲ ಕಣ್ರೋ, ಸುಳ್ಳು ಹೇಳೋನು ಮನ್ಷ.” ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೆಂದರೆ, ನನ್ನ ಬೀಳ್ಕೊಡುಗೆಯ ದಿನ ಹುಡುಗರೆಲ್ಲ ಸೇರಿ ಅದನ್ನೇ ಒಂದು ಫ್ರೇಮಿನಲ್ಲಿ ಬರೆಸಿ ಕೊಟ್ಟರು. ಈಗಲೂ ನಡುಮನೆಯಲ್ಲಿ ಟೀವಿಯ ಮೇಲೆ ನೇತಾಡುತ್ತಿದೆ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ನನ್ನ ಬಲಗೈಯಿಂದ ಜಾರಿ ಬಿತ್ತು. ಲೋಟಕ್ಕೆ ಜಿಡ್ಡು ಹತ್ತಿದೆ, ಪಾತ್ರೆ ತೊಳೆಯೋದು ಹಿಂಗೇನಾ ಎಂದು ಹೆಂಡತಿಯನ್ನು ಬೈಯಲು ಬಾಯಿ ತೆಗೆದೆ. ಬೈಗುಳ ಅರ್ಧಕ್ಕೇ ಸೊಟ್ಟಗಾಯಿತು. ನನ್ನ ಹೆಂಡತಿ ಕುಣಿಗಲ್ ಕಡೆಯವಳು. ಮದುವೆಯಾದಾಗಿನಿಂದ ಒಂದು ಬೈಗುಳಕ್ಕೂ ಉತ್ತರ ಬಾಕಿ ಇಟ್ಟವಳಲ್ಲ. ಅವತ್ತು ಮಾತ್ರ ಉತ್ತರ ಕೊಡದೆ ನನ್ನ ಮುಖವನ್ನೇ ನೋಡಿ, ಬೀದಿಗೆ ಓಡಿ ಆಟೋ ಕೂಗಿದಳು. ಲಕ್ವ ಹೊಡೆದಿದೆ, ಬೇಗ ಕರೆದುಕೊಂಡು ಬಂದಿರಿ, ಬಚಾವು ಅಂದರು ಡಾಕ್ಟರು. ಮಾತು ಒಂದು ವಾರದಲ್ಲಿ ವಾಪಸ್ಸು ಬಂತು; ಮನೆಯವರಿಗೆ ಅದರಿಂದ ಎಷ್ಟು ಸಂತೋಷವಾಯಿತೋ ನನಗೆ ಗೊತ್ತಿಲ್ಲ. ಕಾಲು ಎಳೆದೆಳೆದು ನಡೆಯಲು ಕಲಿಯಿತು. ಬಲಗೈ ಮಾತ್ರ, ರಜೆ ಹಾಕದೆ ಊರಿಗೆ ಹೋದ ಕೆಲಸಗಾರನ ಹಾಗೆ, ಪತ್ತೆಯೇ ಇಲ್ಲ.

ಬಲಗೈ ಇಲ್ಲದಿದ್ದರೆ ಬರೆಯುವುದು, ಗುಂಡಿ ಹಾಕಿಕೊಳ್ಳುವುದು ಕಷ್ಟ ಅಂತ ಜನ ಮರುಕಪಡುತ್ತಾರೆ. ಅದೆಲ್ಲ ಬಿಡಿ. ಊಟ ಹೇಳಿ. ಎಡಗೈಯನ್ನು ನಾವು ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದೇವೆ ಎಂದು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಅದರಲ್ಲಿ ಚಮಚ ಹಿಡಿದು ಅನ್ನ ತಿನ್ನಬಹುದು, ಉಪ್ಪಿಟ್ಟು ತಿನ್ನಬಹುದು. ಮುದ್ದೆ? ಚಮಚದಲ್ಲಿ ಮುದ್ದೆ ತಿನ್ನುತ್ತೇನೆಂದು ಹೊರಟವನು ಚಮಚವನ್ನೂ ನುಂಗಬೇಕಾಗುತ್ತದೆ. ಮುದ್ದೆ ಬಿಟ್ಟರೆ ನನಗೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಹಾಗಾಗಿ ಹೆಂಡತಿ ನನ್ನ ಎದುರು ಮಣೆ ಹಾಕಿಕೊಂಡು ಕೂತು, ಮುರಿದು, ಸಾರಿನಲ್ಲಿ ಹೊರಳಿಸಿ, ಒಂದೊಂದೇ ತುತ್ತು ಬಾಯಿಗೆ ಇಡುತ್ತಿದ್ದಳು. ನನ್ನದು ಮುಗಿದು, ಬಾಯಿ ಒರೆಸಿ, ಮಾತ್ರೆ ನುಂಗಿಸಿದ ಮೇಲೆ ಅವಳು ತಟ್ಟೆ ಹಾಕಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅವಳ ಮುದ್ದೆ ಆರಿ ಕಲ್ಲಾಗಿರುತ್ತಿತ್ತು.

“ಬಿಸಿ ಮಾಡ್ಕೊಂಡು ತಿನ್ನೇ,” ಅನ್ನುತ್ತಿದ್ದೆ.

“ಮುದ್ದೆ ಬಿಸಿ ಮಾಡಕ್ಕೆ ಅದೇನು ಸಾರಾ? ಸುಮ್ನೆ ಮಲೀಕ್ಕೊಳಿ.”

ಮಗಳ ಮದುವೆ ಹುಲಿಯೂರುದುರ್ಗದ ಹುಡುಗನ ಜೊತೆ ಮೊದಲೇ ಗೊತ್ತಾಗಿತ್ತು. ನನಗೆ ಹೀಗಾದದ್ದಕ್ಕೆ ಅದನ್ನು ಬೇಸಿಗೆಗೆ ಮುಂದೂಡಿದರು. ನಮ್ಮ ಬೀಗರು, ಅಂದರೆ ಹುಡುಗನ ತಂದೆ, ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ ಇಟ್ಟವರು. ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡ ಅನ್ನಿಸುವ ಗಂಟಲು. ಮನಸ್ಸೂ ಅಷ್ಟೇ ದೊಡ್ಡದು. ಮದುವೆಯಾದ ವಾರಕ್ಕೆ ಅವರ ಮನೆ ಮುಂದೆ ಬೀಗರ ಊಟ ಅಂತ ನಿಶ್ಚಯವಾಯಿತು. ಧಾರೆ, ಮುಹೂರ್ತ ಎಲ್ಲ ಪುರೋಹಿತರ ಕೈಲಿರುತ್ತದೆ. ಎರಡು ಮನೆಗಳು ನಿಜವಾಗಿ ಒಂದಾಗುವುದು ಬೀಗರ ಊಟದಲ್ಲಿ, ಬಾಡಿನ ಸಾರು ಮತ್ತು ಮುದ್ದೆಯ ಮುಂದೆ, ಮೊದಲ ಪಂಕ್ತಿಯಲ್ಲಿ ಒಟ್ಟಿಗೆ ಕೂತಾಗ. ಅಲ್ಲಿ ಹೆಣ್ಣಿನ ಅಪ್ಪ ಮೊದಲ ತುತ್ತು ಎತ್ತುವ ತನಕ ಯಾರೂ ಎಲೆಗೆ ಕೈ ಹಾಕುವ ಹಾಗಿಲ್ಲ.

ಒಂದು ದಿನ ಬೀಗರು ಫೋನ್ ಮಾಡಿ, ಆ ಗಂಟಲನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ ಹೇಳಿದರು: “ಬೀಗ್ರೇ, ನೀವೇನೂ ಯೋಚ್ನೆ ಮಾಡ್ಬ್ಯಾಡಿ. ನಿಮ್ಗೆ ಒಳಗಡೆ ರೂಮಲ್ಲಿ ಬ್ಯಾರೆ ವ್ಯವಸ್ಥೆ ಮಾಡುಸ್ತೀನಿ. ಫ್ಯಾನ್ ಐತೆ. ಅನ್ನ ಮೆತ್ತಗೆ ಮಾಡ್ಸಿ, ಸ್ಪೂನ್ ಇಡುಸ್ತೀನಿ.”

ಒಳ್ಳೆಯದಕ್ಕೇ ಹೇಳಿದ್ದರು. ನನಗೆ ಮೈಯೆಲ್ಲ ಉರಿಯಿತು. ಮಗಳ ಬೀಗರ ಊಟದ ದಿನ ಅಪ್ಪ ಒಳಗೆ ರೂಮಿನಲ್ಲಿ ಫ್ಯಾನಿನ ಕೆಳಗೆ ಸ್ಪೂನು ಹಿಡಿದುಕೊಂಡು ಕೂತಿರಬೇಕಂತೆ, ಬಾಣಂತಿಯ ಹಾಗೆ! “ನೋಡಾಣ ಬುಡಿ,” ಎಂದು ಫೋನಿಟ್ಟೆ. ಆವತ್ತಿನಿಂದ ನನಗೆ ಬೇರೆ ಆಸೆಯೇ ಉಳಿಯಲಿಲ್ಲ. ನಡೆಯದಿದ್ದರೂ ಸರಿ, ಬರೆಯದಿದ್ದರೂ ಸರಿ, ಮೊದಲ ಪಂಕ್ತಿಯಲ್ಲಿ ಕೂತು ಬಲಗೈಯಲ್ಲಿ ಮುದ್ದೆ ಮುರಿಯಬೇಕು.

ನಾನು ಹೋಗುತ್ತಿದ್ದ ಫಿಸಿಯೋಥೆರಪಿ ಸೆಂಟರಿಗೆ ಹೊಸ ಯಂತ್ರ ಬಂದಿದ್ದು ಅದೇ ಹೊತ್ತಿಗೆ. ನನ್ನನ್ನು ನೋಡಿಕೊಳ್ಳುತ್ತಿದ್ದ ಫಿಸಿಯೋ ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ನನ್ನ ಮಗಳ ವಯಸ್ಸು. ಕೈಯಲ್ಲಿ ಒಂದು ಕಪ್ಪು ಡಬ್ಬ ಹಿಡಿದು ಬಂದು, “ಸರ್, ಇದು ವರ್ಚುವಲ್ ರಿಯಾಲಿಟಿ,” ಅಂದಳು.

“ಹಂಗಂದ್ರೆ?”

“ಇಲ್ದೇ ಇರೋದನ್ನ ಇರೋ ಹಂಗೆ ತೋರ್ಸತ್ತೆ ಸರ್.”

“ಅದಕ್ಕೆ ಮೆಷಿನ್ ಯಾಕಮ್ಮ? ನಮ್ ಕಂಪ್ನಿಯೋರು ಪ್ರಮೋಷನ್ನ ಬರೀ ಬಾಯಲ್ಲೇ ಹಂಗೆ ತೋರಿಸ್ತಿದ್ರು.”

ಅವಳು ನಗುತ್ತಲೇ ಡಬ್ಬವನ್ನು ನನ್ನ ಕಣ್ಣಿಗೆ ಕಟ್ಟಿ, ಹಿಂದಿನಿಂದ ಪಟ್ಟಿ ಬಿಗಿದಳು. ಗಾಣದ ಎತ್ತಿಗೆ ಕಣ್ಣು ಕಟ್ಟಿದ ಹಾಗೆ. ತೋಳಿನ ಭಾರ ತಾಳುವುದಕ್ಕೆಂದು ಮೇಲಿನಿಂದ ಇಳಿಬಿಟ್ಟ ಒಂದು ಜೋಲಿಯಲ್ಲಿ ನನ್ನ ಬಲಗೈ ಕೂತಿತು. ಒಳಗೆ ನೋಡುತ್ತೇನೆ: ನೀಲಿ ಆಕಾಶ, ಒಂದು ಕಸಕಡ್ಡಿ ಇಲ್ಲದ ಹುಲ್ಲು, ಸಾಲಾಗಿ ಸೇಬಿನ ಗಿಡ, ಪಕ್ಕದಲ್ಲೊಂದು ಬುಟ್ಟಿ. ನೊಣವಿಲ್ಲ, ಕೋತಿಯಿಲ್ಲ, ಕಾಯುವವನಿಲ್ಲ. ಎದುರಿಗೆ ಎರಡು ಕೈಗಳು ತೇಲುತ್ತಿದ್ದವು. ಮೊಣಕೈಯೂ ಇಲ್ಲ, ಮೈಯೂ ಇಲ್ಲ, ಬರೀ ಕೈ. ಕೈಯನ್ನು ಸೇಬಿನ ತನಕ ತೆಗೆದುಕೊಂಡು ಹೋದರೆ ಅದು ಕೈಗೆ ಅಂಟಿಕೊಳ್ಳುತ್ತದೆ. ಬುಟ್ಟಿಯ ಮೇಲೆ ತಂದರೆ ಒಳಗೆ ಬೀಳುತ್ತದೆ. ಬಿದ್ದ ಕೂಡಲೇ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ “ಗ್ರೇಟ್ ಜಾಬ್!” ಅನ್ನುತ್ತಾಳೆ. ಇಡೀ ಸರ್ವೀಸಿನಲ್ಲಿ ಒಬ್ಬ ಮೇಲಧಿಕಾರಿಯೂ ನನಗೆ ಹಾಗಂದಿದ್ದಿಲ್ಲ. ಒಂದು ಸುಳ್ಳು ಸೇಬಿಗೆ ಇಷ್ಟು ಮರ್ಯಾದೆಯೇ ಅನ್ನಿಸಿ, ನಾಚಿಕೆ ಬಿಟ್ಟು ಕೀಳತೊಡಗಿದೆ.

ಡಬ್ಬದೊಳಗೆ ನನಗೆ ಕಾಣುವುದೆಲ್ಲ ಗೋಡೆಯ ಟೀವಿಯಲ್ಲಿ ಹೆಂಡತಿಗೂ ಕಾಣುತ್ತಿತ್ತು. “ಏನ್ರೀ ಇದು, ಮನೇಲಿ ಒಂದು ಲೋಟ ಎತ್ತಲ್ಲ, ಇಲ್ಲಿ ಯಾರ್ದೋ ತೋಟಾನೇ ಬರಿದು ಮಾಡ್ತಿದೀರ!” ಅಂದಳು. ಹೇಳಿದ್ದು ವ್ಯಂಗ್ಯಕ್ಕೇ ಆದರೂ ದನಿಯಲ್ಲಿ ಹೆಮ್ಮೆ ಇತ್ತು. ದಿನೇ ದಿನೇ ನನ್ನ ಸ್ಕೋರು ಏರಿತು. ಕಾಯುತ್ತಾ ಕೂತ ಬೇರೆ ಪೇಷಂಟುಗಳ ಮನೆಯವರು ನನ್ನನ್ನು ತೋರಿಸಿ ತಮ್ಮವರಿಗೆ ಬುದ್ಧಿ ಹೇಳುವ ಮಟ್ಟಕ್ಕೆ ಬಂತು.

ಆ ಗುಬ್ಬಿಯ ಹುಡುಗಿ ಮಾತ್ರ ಟೀವಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಒಂದು ದಿನ ಡಬ್ಬ ಬಿಚ್ಚಿ, “ಸರ್, ಕೈ ಹೋಗ್ತಾ ಇಲ್ಲ. ನೀವೇ ಹೋಗ್ತಾ ಇದೀರ,” ಅಂದಳು.

ನಾನು ಸೊಂಟದಿಂದ ಮುಂದಕ್ಕೆ ಬಾಗಿ, ಭುಜ ಎತ್ತಿ, ಇಡೀ ಮೈಯನ್ನೇ ಸೇಬಿನ ಕಡೆ ನೂಕುತ್ತಿದ್ದೆನಂತೆ. ಕೈ ಜೋಲಿಯಲ್ಲಿ ಸುಮ್ಮನೆ ಸವಾರಿ ಮಾಡುತ್ತಿತ್ತಂತೆ. ಲೇತಿನ ಮೇಲೆ ಮೈಭಾರ ಹಾಕುವ ಹುಡುಗರನ್ನು ಎಷ್ಟು ಬೈದಿದ್ದೆನೋ, ಅದೇ ತಪ್ಪನ್ನು ನಾನು ಮಾಡಿ ಮೇಲಿಂದ ಶಹಬ್ಬಾಸ್‌ಗಿರಿ ತೆಗೆದುಕೊಳ್ಳುತ್ತಿದ್ದೆ. ಅವಳು ಒಂದು ಅಗಲವಾದ ಪಟ್ಟಿ ತಂದು ನನ್ನ ಎದೆಯನ್ನು ಕುರ್ಚಿಯ ಬೆನ್ನಿಗೆ ಕಟ್ಟಿದಳು. “ಬಾಗಂಗಿಲ್ಲ ಸರ್. ನೀವು ಬಾಗಿದ್ರೆ ಕೈ ಕಲಿಯಲ್ಲ.” ಕಟ್ಟಿದ ಮೇಲೆ ಸೇಬುಗಳು ಎಲ್ಲಿದ್ದವೋ ಅಲ್ಲೇ ನೇತಾಡಿದವು. ಇಂಗ್ಲಿಷ್ ಹೆಂಗಸು ಅದೇ ಸಕ್ಕರೆ ದನಿಯಲ್ಲಿ “ಟ್ರೈ ಅಗೇನ್” ಅನ್ನತೊಡಗಿದಳು. ಅವಳನ್ನು ಕನ್ನಡದಲ್ಲಿ ಚೆನ್ನಾಗಿ ಬೈದೆ. ಅವಳಿಗೇನು, ಯಂತ್ರದವಳು.

ಹೀಗೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ ನನಗೆ ಒಂದು ದಿನ ಗುಬ್ಬಿಯ ಹುಡುಗಿ ಬೇರೆ ಆಟ ಹಾಕಿದಳು. “ಇವತ್ತು ಎರಡೂ ಕೈ ಒಟ್ಟಿಗೆ ಆಡ್ಸಿ ಸರ್. ಬಲಗೈ ಬರ್ದಿದ್ರೂ ಮನಸ್ಸಲ್ಲೇ ಆಡ್ಸಿ. ಕಣ್ಣು ಬಲಗೈ ಮೇಲೇ ಇರ್ಲಿ. ಇದ್ರಲ್ಲಿ ಏನಂದ್ರೆ…” ಎಂದು ವಿವರಿಸಲು ಶುರು ಮಾಡಿದಳು. ನಾನು, “ಗೊತ್ತಾಯ್ತು ಗೊತ್ತಾಯ್ತು, ಹಾಕಮ್ಮ,” ಅಂದೆ. ಹೊಸ ಮೆಷಿನ್ನಿನ ವಿಚಾರ ನನಗೆ ಯಾರಾದರೂ ಹೇಳಿಕೊಡುವುದೇ? ಅವತ್ತು ಹೆಂಡತಿಯೂ ಇರಲಿಲ್ಲ; ರವಿಕೆ ಬಟ್ಟೆಗೆಂದು ಮಗಳ ಜೊತೆ ಪೇಟೆಗೆ ಹೋಗಿದ್ದಳು.

ಒಳಗೆ ಒಂದು ಮೇಜು, ಮೇಜಿನ ಮೇಲೆ ಎರಡು ಉಂಡೆ ಜೇಡಿಮಣ್ಣು. ಎರಡೂ ಕೈಯಲ್ಲಿ ಹಿಸುಕಬೇಕು, ಬಿಡಬೇಕು. ಹಿಸುಕಿದೆ. ನನ್ನ ಬಲಗೈ ಹಿಸುಕಿತು! ಬಿಟ್ಟೆ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಮಡಚಿದೆ, ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿದೆ, ಅಂಗೈ ತಿರುಗಿಸಿದೆ. ಎಲ್ಲವನ್ನೂ ಮಾಡಿತು, ಒಂದು ಚೂರೂ ನಡುಗದೆ. ಅಷ್ಟು ತಿಂಗಳಾದ ಮೇಲೆ ನನ್ನ ಕೈಯನ್ನು ನಾನು ನೋಡುತ್ತಿದ್ದೆ. ನಾಚಿಕೆಯೇನು ಬಂತು, ಡಬ್ಬದೊಳಗೇ ಅತ್ತೆ. ಕಣ್ಣಿನ ಸುತ್ತ ಇದ್ದ ಸ್ಪಂಜು ತೊಯ್ದು ಹೋಯಿತು. ಡಬ್ಬ ತೆಗೆದಾಗ ಎಡಗೈಯಲ್ಲಿ ಕಣ್ಣೊರೆಸಿಕೊಂಡೆ. ಆ ಹುಡುಗಿಯನ್ನು ಇನ್ನೊಬ್ಬ ಪೇಷಂಟು ಕರೆಯುತ್ತಿದ್ದರು, ಹೋದಳು. ನಾನು ಕಂಬಿ ಹಿಡಿದು ಮೆಟ್ಟಿಲಿಳಿದು, ಎಳನೀರಿನ ಗಾಡಿಯ ಪಕ್ಕ ನಿಂತು, ಎಡಗೈ ಹೆಬ್ಬೆರಳಿನಲ್ಲಿ ಬೀಗರಿಗೆ ಫೋನ್ ಹಚ್ಚಿದೆ.

“ಬೀಗ್ರೇ, ರೂಮೂ ಬ್ಯಾಡ, ಸ್ಪೂನೂ ಬ್ಯಾಡ. ಮೊದಲ ಪಂಕ್ತೀಲಿ ಎಲೆ ಹಾಕ್ಸಿ. ಬಲಗೈಲೇ ಮುದ್ದೆ ಮುರೀತೀನಿ.”

“ಬಂತಾ ಕೈ!” ಬೀಗರ ಕೂಗಿಗೆ ಎಳನೀರಿನವನೂ ತಿರುಗಿ ನೋಡಿದ. “ಅಯ್ಯೋ ನಮ್ಮಪ್ಪ, ಎಂಥ ಸುದ್ದಿ ಹೇಳುದ್ರಿ! ನೀವು ಮುದ್ದೆ ಮುರಿಯೋಗಂಟ ಊರಲ್ಲಿ ಒಬ್ರೂ ಎಲೆ ಮುಟ್ಟಂಗಿಲ್ಲ, ನಾನು ಹೇಳಿದೀನಿ ಅಂತ ತಿಳ್ಕಳಿ.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹೊಸ ಬಟ್ಟೆಯ ಚೀಲ ಕೆಳಗಿಟ್ಟು, “ಎಲ್ಲಿ, ತೋರ್ಸಿ,” ಅಂದಳು. ಕೈ ಚಾಚಿ ಕೂತೆ. ಅದು ತೊಡೆಯ ಮೇಲೆ ಬಿದ್ದೇ ಇತ್ತು. ಹಲ್ಲು ಕಚ್ಚಿದೆ. ಬೆರಳುಗಳು ಒಂಚೂರು ಒಳಕ್ಕೆ ಮಡಚಿ ಅಲ್ಲೇ ನಿಂತವು.

“ಡಬ್ಬ ಹಾಕ್ಕೊಂಡ್ರೆ ಬರತ್ತೆ ಕಣೇ. ಕಣ್ಣಾರೆ ಕಂಡಿದೀನಿ.”

“ಹಂಗಾರೆ ಬೀಗರ ಊಟಕ್ಕೂ ಡಬ್ಬ ಹಾಕ್ಕೊಂಡೇ ಕೂತ್ಕೊಳಿ,” ಎಂದು ಎದ್ದು ಹೋದಳು.

ಮಾರನೆಯ ದಿನ ಗುಬ್ಬಿಯ ಹುಡುಗಿಗೆ ನಾನು ಜಯಭೇರಿ ಬಾರಿಸುವವನ ಹಾಗೆ ವಿಷಯ ಹೇಳಿದೆ. ಅವಳ ಮುಖ ಇಳಿದುಹೋಯಿತು. ಡಬ್ಬ ಕಟ್ಟಿ, ಅದೇ ಮೇಜು, ಅದೇ ಮಣ್ಣು ತೋರಿಸಿ, “ಈಗ ಎಡಗೈ ಅಲ್ಲಾಡ್ಸದೆ ಬಲಗೈ ಒಂದನ್ನೇ ಆಡ್ಸಿ ಸರ್,” ಅಂದಳು. ಬಲಗೈ ಮಿಸುಕಲಿಲ್ಲ. “ಈಗ ಎಡಗೈ ಮಾತ್ರ.” ಬಲಗೈ ಲಕ್ಷಣವಾಗಿ ಬಿಚ್ಚಿಕೊಂಡಿತು.

“ಅದು ನಿಮ್ ಎಡಗೈ ಸರ್. ಕನ್ನಡೀಲಿ ಕಾಣೋ ಹಂಗೆ, ಬಲಗಡೆ ತೋರ್ಸತ್ತೆ. ಅವತ್ತು ಹೇಳಕ್ಕೆ ಬಂದೆ, ನೀವು ಗೊತ್ತಾಯ್ತು ಅಂದ್ರಿ.”

“ಅಂದ್ರೆ ಮೆಷಿನ್ ಸುಳ್ಳು ಹೇಳ್ತು!”

“ಸುಳ್ಳಲ್ಲ ಸರ್. ಕೈ ಆಡ್ಸೋದು ಹೆಂಗೆ ಅಂತ ಮೆದುಳು ಮರ್ತಿರತ್ತೆ. ಅದಕ್ಕೆ ನೆನಪು ಮಾಡ್ಸೋದು.”

“ಸುಳ್ಳು ಹೇಳಿ ನೆನಪು ಮಾಡ್ಸೋದಾ? ಒಳ್ಳೇ ವಿದ್ಯೆ ಕಣಮ್ಮ!” ಎಂದು ಡಬ್ಬ ಕಿತ್ತು ಅವಳ ಕೈಗೆ ಕೊಟ್ಟು ಮನೆಗೆ ಬಂದೆ. ಬಂದವನಿಗೆ ಮೊದಲು ಕಂಡದ್ದು ಟೀವಿಯ ಮೇಲಿನ ಫ್ರೇಮು. ಕಿತ್ತು ಬಿಸಾಡೋಣ ಅಂದರೆ ಅದಕ್ಕೂ ಎರಡು ಕೈ ಬೇಕು.

ಆಮೇಲೆ ನಾನು ಸೆಂಟರಿಗೆ ಹೋಗಲಿಲ್ಲ. ಬೀಗರಿಗೆ ಫೋನ್ ಮಾಡಿ, ಇಲ್ಲ ಕಣ್ರೀ, ನನ್ನ ಕಣ್ಣಿಗೆ ಮೋಸವಾಯಿತು, ರೂಮೇ ಇರಲಿ ಅನ್ನಬೇಕಿತ್ತು. ಫೋನು ತೆಗೆಯುವುದು, ಇಡುವುದು. ಅಷ್ಟರಲ್ಲಿ ಅವರು ಊರಿಗೆಲ್ಲ ಸಾರಿಬಿಟ್ಟಿದ್ದರು. ಅವರೇ ಫೋನ್ ಮಾಡಿ, “ಕಣ್ಣಿಗೆ ಅದೇನೋ ಕಟ್ಟಿ ಕೈ ಬರ್ಸವ್ರೆ ಅಂತ ಹೇಳ್ದೆ, ನಮ್ಮ ಚಿಕ್ಕಪ್ಪಂಗೆ ಮಂಡಿ ನೋವು, ಅದಕ್ಕೂ ಕಟ್ತಾರಾ ಕೇಳಿ,” ಅಂದರು. ಕೇಳುತ್ತೇನೆ ಅಂದೆ. ಇನ್ನೇನು ಅನ್ನಲಿ? ಸುಳ್ಳು ಹೇಳುವವನು ಮನುಷ್ಯ ಎಂದು ನಾನೇ ಸಾರಿದ್ದೆನಲ್ಲ, ಆ ಒಂದು ಮಾತು ಮಾತ್ರ ಉಳಿದುಕೊಂಡಿತು.

ನಾಲ್ಕಾರು ದಿನ ನೋಡಿದ ಹೆಂಡತಿ ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಎದುರು ನಿಂತಳು. “ಮುನಿಸ್ಕೊಂಡು ಕೂತ್ರೆ ಕೈ ಬತ್ತದಾ? ಹೇಳಿದ್ದು ಹೇಳಾಯ್ತು. ಈಗ ಬೀಗರ ಮುಂದೆ ಮಾನ ಹೋಗೋದು ನಿಮ್ಮೊಬ್ರುದ್ದಲ್ಲ, ನನ್ ಮಗಳ್ದೂವೆ. ಏಳಿ.” ಅವಳ ಕೈಯಲ್ಲಿ ಹಾಟ್‌ಬಾಕ್ಸು ಇತ್ತು. ಒಳಗೆ ಆಗ ತಾನೆ ಕಟ್ಟಿದ ಮುದ್ದೆ, ಪಕ್ಕದ ಡಬ್ಬಿಯಲ್ಲಿ ಬಸ್ಸಾರು. ಸೇಬು ಕೀಳೋಕೆ ಅವರು ಕಲಿಸಲಿ, ಮುದ್ದೆ ಮುರಿಯೋಕೆ ಮುದ್ದೆಯೇ ಬೇಕು ಅನ್ನುವುದು ಅವಳ ವಾದ.

ಗುಬ್ಬಿಯ ಹುಡುಗಿ ಏನೂ ನಡೆಯದ ಹಾಗೆ, “ಬನ್ನಿ ಸರ್,” ಅಂದಳು. ಹಾಟ್‌ಬಾಕ್ಸಿನ ಮುಚ್ಚಳ ತೆಗೆದು ನೋಡಿ ನಕ್ಕಳು. “ಇದ್ರಲ್ಲಿ ಪಿಜ್ಜಾ ಹಂಚೋ ಆಟ ಐತೆ, ಬಲೂನ್ ಒಡಿಯೋದೈತೆ, ಮೀನು ಹಿಡಿಯೋದೈತೆ. ಮುದ್ದೆ ಮುರಿಯೋ ಆಟ ಯಾರೂ ಮಾಡಿಲ್ಲ ಸರ್.” ಅವಳೂ ಮುದ್ದೆ ತಿಂದು ಬೆಳೆದವಳೇ, ಅಲ್ಲೇ ಒಂದು ದಾರಿ ಹುಡುಕಿದಳು. ಮೊದಲು ಡಬ್ಬ ಕಟ್ಟಿ ಆ ಸುಳ್ಳು ಕೈಯನ್ನು ನನಗೆ ತೋರಿಸುವುದು, ಅದು ಆಡುವ ಹಾಗೇ ನನ್ನ ಕೈಯೂ ಆಡುತ್ತಿದೆ ಎಂದು ನಾನು ಮನಸ್ಸು ಕೊಡುವುದು, ಆ ನೆನಪು ಆರುವ ಮುಂಚೆ ಡಬ್ಬ ಬಿಚ್ಚಿ ಬಿಸಿ ಮುದ್ದೆಯ ಮುಂದೆ ಕೂರಿಸುವುದು. ಸುಳ್ಳು ಅಂತ ಗೊತ್ತಿದ್ದೂ ನಂಬುವುದು ಎಂಥ ಕಷ್ಟ ಅಂತೀರಿ! ಆದರೂ ನಂಬಿದೆ. ಗತಿಯಿರಲಿಲ್ಲ.

ಇಡೀ ಸೆಂಟರು ರಾಗಿಯ ವಾಸನೆ ಹೊಡೆಯಿತು. ಮೊದಮೊದಲು ಬೆರಳು ಮುದ್ದೆಗೆ ಇಳಿಯುತ್ತಲೇ ಇರಲಿಲ್ಲ. ಇಳಿದ ಮೇಲೆ ಬಿಡುತ್ತಿರಲಿಲ್ಲ. ಹಿಡಿಯುವುದು ಬೇಗ ಬರುತ್ತದಂತೆ, ಬಿಡುವುದು ನಿಧಾನವಂತೆ. ಸಿಟ್ಟಿನ ವಿಚಾರದಲ್ಲಿ ನನಗೆ ಅದು ಮೊದಲೇ ಗೊತ್ತಿತ್ತು. ಬಿಸಿ ಮುದ್ದೆ ಬೆರಳ ಸಂದಿಗೆಲ್ಲ ಮೆತ್ತಿಕೊಂಡು, ಹೆಂಡತಿ ನೀರು ಹಚ್ಚಿ ಒಂದೊಂದು ಬೆರಳೂ ಬಿಡಿಸುತ್ತಿದ್ದಳು. ಬರಬರುತ್ತಾ ಒಂದು ಗೋಲಿಯಷ್ಟು ಮುರಿಯಲು ಬಂತು. ಆಮೇಲೆ ನೆಲ್ಲಿಕಾಯಿಯಷ್ಟು. ಸಾರಿನಲ್ಲಿ ಹೊರಳಿಸಲೂ ಬಂತು. ಎತ್ತಿದರೆ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅಲ್ಲಿಂದ ಅಂಗೈ ಬಾಯಿಯ ಕಡೆ ತಿರುಗಬೇಕಲ್ಲ, ಅದು ತಿರುಗುತ್ತಿರಲಿಲ್ಲ. ಮಗುಚಿದ ಬಟ್ಟಲಿನ ಹಾಗೆ ನೆಲ ನೋಡುತ್ತಿತ್ತು, ತುತ್ತು ಜಾರಿ ಮಡಿಲಿಗೆ ಬೀಳುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಗಾದೆ ಮಾಡಿದವನಿಗೆ ಲಕ್ವ ಹೊಡೆದಿತ್ತೇನೋ ಅನ್ನಿಸಿತು.

“ಒಂಚೂರು ಬಾಗಿದ್ರೆ ಬಾಯಿಗೆ ಸಿಗ್ತದಲ್ಲಮ್ಮ,” ಅಂದರೆ ಆ ಹುಡುಗಿ, “ಬಾಗಂಗಿಲ್ಲ ಸರ್,” ಎಂದು ಎದೆಯ ಪಟ್ಟಿಯನ್ನು ಇನ್ನಷ್ಟು ಬಿಗಿಯುತ್ತಿದ್ದಳು.

ಮದುವೆ ಆಯಿತು. ಧಾರೆಯ ಹೊತ್ತಿನಲ್ಲಿ ಗಿಂಡಿಗೆ ಹೆಣ್ಣಿನ ಅಪ್ಪ ಅಮ್ಮ ಇಬ್ಬರೂ ಕೈ ಹಾಕುವುದು ಪದ್ಧತಿಯೇ ಆದ್ದರಿಂದ, ನನ್ನ ಕೈಯ ಕೆಳಗೆ ಹೆಂಡತಿಯ ಕೈ ಇದ್ದದ್ದು ಯಾರಿಗೂ ಹೆಚ್ಚೆನಿಸಲಿಲ್ಲ. ಊಟಕ್ಕೆ ಹಾಗಲ್ಲ. ಊಟಕ್ಕೆ ಅವರವರ ಕೈ.

ಬೀಗರ ಊಟದ ದಿನ ಹುಲಿಯೂರುದುರ್ಗದ ಅವರ ಮನೆ ಮುಂದೆ ಬೀದಿಯುದ್ದಕ್ಕೂ ಶಾಮಿಯಾನ. ಒಗ್ಗರಣೆಯ ಘಾಟು ಬೆಟ್ಟದ ಬುಡದ ತನಕ ಹೋಗಿರಬೇಕು. ಬೀಗರು ನನ್ನನ್ನು ತೋಳು ಹಿಡಿದು ಕರೆತಂದು ಮೊದಲ ಪಂಕ್ತಿಯ ನಡುವೆ ಕೂರಿಸಿದರು. ಎಡಗಡೆ ಅವರು, ಬಲಗಡೆ ನನ್ನ ಹೆಂಡತಿ. ಎದುರು ಸಾಲಿನಲ್ಲಿ ಮಗಳು, ಅಳಿಯ. ಎಲೆಗೆ ನೀರು ಚಿಮುಕಿಸಿ ಉಪ್ಪು ಬಂತು, ಈರುಳ್ಳಿ ಬಂತು, ಕುರಿಯ ಬೋಟಿ ಬಂತು. ಕೊನೆಗೆ ದೊಡ್ಡ ಬೇಸಿನ್ನಿನಲ್ಲಿ ಹೊಗೆಯಾಡುವ ಮುದ್ದೆ ಬಂತು. ಮುದ್ದೆಯ ನೆತ್ತಿಗೆ ಸಾರು ಸುರಿದರು. ಅದು ಎಲೆಯ ಮೇಲೆ ಹರಿದು ನಿಂತಿತು. ಅಷ್ಟೂ ಜನ ಕೈ ಕಟ್ಟಿ ಕೂತರು.

“ಹೂಂ ಬೀಗ್ರೇ, ಶುರು ಹಚ್ಕಳಿ!” ಅಂದರು ಬೀಗರು. ಯಾರೋ ಒಬ್ಬರು ವಿಡಿಯೋ ಮಾಡಲು ಮೊಬೈಲು ಎತ್ತಿದರು.

ಕಣ್ಣಿಗೆ ಡಬ್ಬವಿಲ್ಲ, ಜೋಲಿಯಿಲ್ಲ, ಎದೆಗೆ ಪಟ್ಟಿಯಿಲ್ಲ. ಬಲಗೈಯನ್ನು ಎಲೆಯ ಮೇಲೆ ಇಟ್ಟೆ. ಹೆಬ್ಬೆರಳು ಮುದ್ದೆಗೆ ಇಳಿಯಿತು. ಮುರಿದೆ. ಸಾರಿಗೆ ಹೊರಳಿಸುವಾಗ ಅದು ಜಾರಿ ಬೋಟಿಯ ಪಕ್ಕ ಹೋಗಿ ಕೂತಿತು. ಪಂಕ್ತಿಯಲ್ಲಿ ಯಾರೋ ಕೆಮ್ಮಿದರು. ಮತ್ತೆ ಮುರಿದೆ, ಹೊರಳಿಸಿದೆ, ಎತ್ತಿದೆ. ಎದೆಯ ಮಟ್ಟಕ್ಕೆ ಬಂತು. ಅಲ್ಲೇ ನಿಂತಿತು. ಅಂಗೈ ತಿರುಗು ಅಂದೆ, ತಿರುಗಲಿಲ್ಲ. ಆ ಸುಳ್ಳು ಕೈಯನ್ನು ನೆನೆದೆ, ಮನೆದೇವರನ್ನೂ ನೆನೆದೆ. ತುತ್ತಿನಿಂದ ಸಾರು ಮೊಣಕೈಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಹೆಂಡತಿಯ ಕೈ ನನ್ನ ಕಡೆಗೆ ಹೊರಟದ್ದು ಕಣ್ಣಂಚಿಗೆ ಕಂಡಿತು. ಅರ್ಧ ಬಂದ ಕೈಯನ್ನು ಅವಳು ಹಿಂದಕ್ಕೆಳೆದು ಮೇಜಿನ ಕೆಳಗೆ ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

ಸಾಯಲಿ ಅತ್ಲಾಗೆ ಎಂದುಕೊಂಡು ಬಾಗಿದೆ. ಸೊಂಟದಿಂದ ಬಾಗಿ, ಭುಜ ಎತ್ತಿ, ಕತ್ತು ಚಾಚಿ, ಆ ಹುಡುಗಿ ಏನೇನು ಬೇಡ ಅಂದಿದ್ದಳೋ ಅಷ್ಟನ್ನೂ ಮಾಡಿ, ಬಾಯಿಯನ್ನೇ ಕೈಯ ಹತ್ತಿರ ತೆಗೆದುಕೊಂಡು ಹೋದೆ. ತುತ್ತು ಬಾಯೊಳಗೆ ಹೋಯಿತು. ಅರ್ಧ ಸಾರು ಹೊಸ ಅಂಗಿಯ ಪಾಲಾಯಿತು. ನುಂಗಿದೆ. ಗಂಟಲಲ್ಲಿ ಬಿಸಿಬಿಸಿಯಾಗಿ ಇಳಿಯಿತು.

“ಹಾಕ್ರೋ ಕೈಯ!” ಬೀಗರು ಕೂಗಿದರು. ಇಡೀ ಪಂಕ್ತಿ ಎಲೆಯ ಮೇಲೆ ಬಿತ್ತು.

ನಾನು ತಲೆಯೆತ್ತಿ ಸುತ್ತ ನೋಡಿದೆ. ಯಾರಾದರೂ ಏನಾದರೂ ಅನ್ನಬಹುದು ಎಂದು ಕಾದೆ. ಬೀಗರು ನಲ್ಲಿಮೂಳೆ ಕುಟ್ಟಿ ಒಳಗಿನ ಮಜ್ಜೆ ಹೀರುತ್ತಿದ್ದರು. ಮೊಬೈಲಿನವನು ಮೊಬೈಲು ಜೇಬಿಗಿಟ್ಟು ಚಾಪ್ಸಿನವನನ್ನು ಕರೆಯುತ್ತಿದ್ದ. ನನ್ನ ಮಗಳು ತನ್ನ ಎಲೆಯ ಒಂದು ತುಂಡನ್ನು ಗಂಡನ ಎಲೆಗೆ ದಾಟಿಸುತ್ತಾ ನಗುತ್ತಿದ್ದಳು. ಇಷ್ಟು ತಿಂಗಳ ಸಾಹಸಕ್ಕೆ ಒಂದು ಗ್ರೇಟ್ ಜಾಬ್ ಬೇಡವೇ ಎಂದು ಒಂದು ಗಳಿಗೆ ಸಿಟ್ಟೇ ಬಂತು. ಆಮೇಲೆ ಗೊತ್ತಾಯಿತು: ಲಕ್ವ ಹೊಡೆದ ಮೇಲೆ ನಾನು ಉಣ್ಣುವಾಗ ಯಾರೂ ನನ್ನನ್ನು ನೋಡದೆ ಇದ್ದದ್ದು ಇದೇ ಮೊದಲು. ಬಹಳ ಸಂತೋಷವಾಯಿತು.

ಹೆಂಡತಿಯಾದರೂ ನೋಡುತ್ತಿದ್ದಾಳೋ ಎಂದು ಬಲಕ್ಕೆ ತಿರುಗಿದೆ. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಅವಳ ಎಲೆಯ ಮುದ್ದೆ ಇನ್ನೂ ಹೊಗೆಯಾಡುತ್ತಿತ್ತು. ಬೆರಳು ಸುಡುತ್ತಿದ್ದರೂ ಮುರಿದು, ಸಾರಿಗೆ ಅದ್ದಿ, ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು. ಒಂದು ಇಳಿಯುವ ಮುಂಚೆ ಇನ್ನೊಂದು, ಯಾರೋ ಎಲೆ ಎಳೆದುಕೊಂಡು ಹೋಗಿಬಿಡುತ್ತಾರೆ ಅನ್ನುವ ಹಾಗೆ. ದೀಪಾವಳಿಯಿಂದ ಈಚೆಗೆ ಅವಳು ಬಿಸಿ ಮುದ್ದೆ ಉಂಡಿರಲಿಲ್ಲ. ಮೊದಲ ಪಂಕ್ತಿ, ಮಾನ, ಬೀಗರ ಕಣ್ಣು ಅಂತ ನಾನು ಏನೇನೋ ಲೆಕ್ಕ ಹಾಕಿಕೊಂಡಿದ್ದೆ. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ನಾನು ನೋಡುತ್ತಿರುವುದು ಅವಳಿಗೆ ಗೊತ್ತಾಯಿತು. ಬಾಯಿ ತುಂಬಿಕೊಂಡೇ ಹೇಳಿದಳು: “ನನ್ನೇನ್ ನೋಡ್ತೀರ? ಆರೋಯ್ತದೆ, ಉಣ್ಣಿ.”

ಇನ್ನೊಂದು ತುತ್ತು ಮುರಿದು, ಮತ್ತೆ ಬಾಗಿದೆ.